ಬಲಗಿವಿ ಒಂದು, ಎಡಗಿವಿ ಎರಡು

“ಎಡಕ್ಕೆ, ಎಡಕ್ಕೆ! ಎಡಕ್ಕೆ ಅಂದ್ನಲ್ಲಪ್ಪ!”

“ಯಾರ ಎಡ ರೀ? ನಿಮ್ದಾ, ನಮ್ದಾ?”

ಎರಡನೇ ಮಹಡಿಯ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತು. ಕೆಳಮನೆಯ ಟೈಲರ್ ತಲೆಯ ಕಡೆ ಹಿಡಿದು ಹಿಮ್ಮುಖವಾಗಿ ಹತ್ತುತ್ತಿದ್ದ; ಪಂಜರ ತೊಳೆಯುವವನು ಕಾಲಿನ ಕಡೆ ಹಿಡಿದು ಮುಂದೆ ನೋಡುತ್ತ ಹತ್ತುತ್ತಿದ್ದ. ಒಬ್ಬನ ಎಡ ಇನ್ನೊಬ್ಬನಿಗೆ ಬಲ. ಇಬ್ಬರೂ ತಮ್ಮ ತಮ್ಮ ಎಡಕ್ಕೆ ಎಳೆದರು, ಸ್ಟ್ರೆಚರಿನ ಮೂಲೆ ಗೋಡೆಗೆ ಬಡಿದು ಸುಣ್ಣ ಉದುರಿತು. ನಡುವೆ ಬಿಳಿ ಬಟ್ಟೆಯೊಳಗೆ ಮಲಗಿದ್ದ ಅಳತೆ ಮಾಮ ಬದುಕಿದ್ದರೆ ‘ನಿಧಾನ, ನಿಧಾನ, ಗಾಬರಿ ಬೇಡ’ ಎನ್ನುತ್ತಿದ್ದರು. ಅದು ಅವರು ದಿನಕ್ಕೆ ನೂರು ಸಲ ಇಲಿಗಳಿಗೆ ಹೇಳುತ್ತಿದ್ದ ಮಾತು.

ಹಿಂದೆ ಹತ್ತುತ್ತಿದ್ದ ಹೊಸಬಿಯ ಕೈಯಲ್ಲಿ ಆಸ್ಪತ್ರೆಯ ಚೀಲವಿತ್ತು. ಒಂದು ಜೊತೆ ಚಪ್ಪಲಿ, ಕನ್ನಡಕ, ಮುಚ್ಚಳ ಸಡಿಲವಾದ ಫ್ಲಾಸ್ಕು. ಹನ್ನೆರಡು ದಿನ ಹಾಸಿಗೆ ಹಿಡಿದ ಮನುಷ್ಯನಿಂದ ಉಳಿದದ್ದು ಇಷ್ಟು. ಮಾಮ ಕೆಲಸ ಮಾಡುತ್ತಿದ್ದ ಘಟಕಕ್ಕೆ ಅವಳು ಸೇರಿ ಮೂರು ವರ್ಷವಾಗಿತ್ತು, ಆದರೂ ಹೊಸಬಿಯೇ. ಬಂದ ದಿನ ಮಾಮ “ಯಾರಮ್ಮ ಈ ಹೊಸಬಿ?” ಎಂದು ಕೇಳಿದ್ದು ಹಾಗೇ ಅಂಟಿಕೊಂಡಿತ್ತು. ಸ್ವಂತ ಹೆಸರು ಕರಾರಿನ ಕಾಗದದಲ್ಲಿ ಮಾತ್ರ ಉಳಿದಿತ್ತು. ಆ ಕರಾರೂ ಈ ತಿಂಗಳ ಕೊನೆಗೆ ಮುಗಿಯುವುದಿತ್ತು.

ಅಂತೂ ಸ್ಟ್ರೆಚರನ್ನು ಓರೆಮಾಡಿ, ಉಸಿರು ಬಿಗಿಹಿಡಿದು, ಮೂರನೇ ಮಹಡಿ ಮುಟ್ಟಿಸಿದರು. ಮನೆ ಎಂದರೆ ಒಂದು ಹಜಾರ, ಒಂದು ಕೋಣೆ, ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ. ಕಿಟಕಿಯ ಪಕ್ಕ ಮಾಮನನ್ನು ಮಲಗಿಸಿದರು. ಅಕ್ಕಪಕ್ಕದವರು ತಂದ ಹೂಗಳನ್ನು ತಲೆಯ ಬಳಿ ಜೋಡಿಸಹೊರಟಾಗ ಅವರ ಹೆಂಡತಿ ಕೈ ಅಡ್ಡ ಹಿಡಿದರು.

“ಅಷ್ಟು ಹತ್ತಿರ ಇಡಬೇಡಿ. ಅವರಿಗೆ ವಾಸನೆ ಆಗಲ್ಲ.”

ಹೂ ತಂದವರು ಮುಖಮುಖ ನೋಡಿಕೊಂಡರು. ಹೆಂಡತಿ ಯಾರನ್ನೂ ನೋಡಲಿಲ್ಲ. “ಇಲಿಗೆ ವಾಸನೆ ಆದ್ರೆ ಗಾಬರಿ ಆಗುತ್ತಂತೆ. ಮೈಮೇಲೆ ಇನ್ನೊಬ್ಬರ ವಾಸನೆ ಹೊತ್ಕೊಂಡು ಒಳಗೆ ಹೋಗೋ ಹಾಗಿಲ್ಲ. ಮೂವತ್ತೊಂದು ವರ್ಷ ನಾನೊಂದು ಪೌಡರ್ ಡಬ್ಬಿ ತಗೊಂಡವಳಲ್ಲ. ಮದುವೆಮನೆಗೆ ಹೋದ್ರೂ ಬರೀ ಸೋಪು,” ಎಂದರು. ಆಮೇಲೆ, ಹೇಳಬಾರದ್ದನ್ನು ಹೇಳಿಬಿಟ್ಟೆ ಎಂಬಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹೂಗಳು ಬಾಗಿಲ ಬಳಿಯ ಸ್ಟೂಲಿನ ಮೇಲೆ ಹೋಗಿ ಕೂತವು.

ಟೈಲರ್ ಬೆವರು ಒರೆಸಿಕೊಳ್ಳುತ್ತ ಕುರ್ಚಿ ಎಳೆದುಕೊಂಡ. “ಇಲಿಯಾ? ಆಸ್ಪತ್ರೆ ಕೆಲಸ ಅಂತಿದ್ರಲ್ಲ ತಾಯಿ?”

“ಆಸ್ಪತ್ರೆ ಕಾಂಪೌಂಡಿನ ಒಳಗೇ ಇದೆ. ಪೂರ್ತಿ ಸುಳ್ಳೇನಲ್ಲ,” ಎಂದರು ಹೆಂಡತಿ. “ಇಲಿ ಅಳೆಯೋ ಕೆಲಸ ಅಂತ ಯಾವ ಬಾಯಲ್ಲಿ ಹೇಳ್ಲಿ? ಬೀಗರ ಮುಂದೆ ಹೇಳೋಕಾಗುತ್ತಾ?”

ಟೈಲರ್ ಹೊಸಬಿಯ ಕಡೆ ತಿರುಗಿದ. “ನೀವೂ ಅಲ್ಲೇ ಅಲ್ವಾ? ಅದೇನು ಕೆಲಸ ಅಂತ ಒಂಚೂರು ಬಿಡಿಸಿ ಹೇಳಿಯಮ್ಮ. ಇಪ್ಪತ್ತೆಂಟು ವರ್ಷ ನೆರೆಮನೆ, ನಂಗೇ ಗೊತ್ತಿಲ್ಲ ಅಂದ್ರೆ!”

ಹೊಸಬಿ ಹೇಳಿದಳು. ಕ್ಯಾನ್ಸರಿಗೆ ಮದ್ದು ಹುಡುಕುವ ಪ್ರಯೋಗಾಲಯಗಳು ಐದಿವೆ. ಒಬ್ಬೊಬ್ಬರೂ ಬೇರೆ ಬೇರೆ ಇಲಿ ಸಾಕಿ, ಬೇರೆ ಬೇರೆ ಯಂತ್ರ ಇಟ್ಟುಕೊಳ್ಳಲಾಗುವುದಿಲ್ಲ. ಅದಕ್ಕೆ ಐದಕ್ಕೂ ಸೇರಿ ಒಂದೇ ಘಟಕ. ಇಲಿ ಸಾಕುವುದು, ಮದ್ದು ಕೊಡುವಾಗ ಹಿಡಿದುಕೊಳ್ಳುವುದು, ಮೂರು ದಿನಕ್ಕೊಮ್ಮೆ ಗಡ್ಡೆ ಬೆಳೆಯಿತೋ ಕರಗಿತೋ ಎಂದು ಅಳೆಯುವುದು, ಎಲ್ಲ ಅಲ್ಲೇ. “ಐದು ಮನೆಗೆ ಒಂದೇ ಅಡುಗೆಮನೆ ಇದ್ದ ಹಾಗೆ.”

“ಹಾಗಾದ್ರೆ ಇವರು ಅಡುಗೆಯವರಾ?”

“ಅಡುಗೆ ಡಾಕ್ಟರುಗಳದ್ದು. ಮಾಮ ರುಚಿ ನೋಡಿ ಹೇಳೋರು,” ಎಂದ ಬಾಗಿಲ ಬಳಿ ನಿಂತಿದ್ದ ಪಂಜರ ತೊಳೆಯುವವನು. “ಸುಳ್ಳು ಹೇಳ್ತಿರಲಿಲ್ಲ. ಎಂಥಾ ದೊಡ್ಡ ಡಾಕ್ಟರ್ ಆದ್ರೂ, ಗಡ್ಡೆ ಬೆಳೆದಿದ್ರೆ ಬೆಳೆದಿದೆ ಅಂತಲೇ.”

ಹೊಸಬಿ ಮಾಮನ ಪಕ್ಕ ಕೂತಳು. ಬಟ್ಟೆಯ ಅಂಚಿನಿಂದ ಬಲಗೈ ಸ್ವಲ್ಪ ಹೊರಗೆ ಬಂದಿತ್ತು. ಅದನ್ನು ಒಳಗೆ ಸೇರಿಸುವ ಮೊದಲು ತನ್ನ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಇಲಿ ಎತ್ತುವ ಮುಂಚೆ ಮಾಮ ಮಾಡುತ್ತಿದ್ದದ್ದು ಅದನ್ನೇ. ತಣ್ಣನೆಯ ಕೈಯಲ್ಲಿ ಯಾರನ್ನೂ ಮುಟ್ಟಬಾರದು ಎನ್ನುತ್ತಿದ್ದರು. ಉಜ್ಜಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಈ ಕೈಗೆ ಇನ್ನು ಬಿಸಿ ತಣ್ಣಗೆ ಏನು? ಆದರೂ ಹಿಡಿದುಕೊಂಡಳು, ಮತ್ತು ಮೊದಲ ಸಲ ಕಣ್ಣು ತುಂಬಿ ಬಂತು. ದುಃಖ ಇದ್ದದ್ದು ನಿಜ. ದುಃಖದ ಜೊತೆ ನಿನ್ನೆಯಿಂದ ಇನ್ನೊಂದು ಸಂಕಟವೂ ಇತ್ತು, ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

*

ನಿನ್ನೆ ಮಧ್ಯಾಹ್ನ ಡಾಕ್ಟರಮ್ಮ ಅವಳನ್ನು ತಮ್ಮ ಕೋಣೆಗೆ ಕರೆಸಿದ್ದರು. ಐದು ಪ್ರಯೋಗಾಲಯಗಳಲ್ಲಿ ಒಂದು ಅವರದು. ತೆಳ್ಳಗಿನ ಹೆಂಗಸು, ಮಾತು ಇನ್ನೂ ತೆಳ್ಳಗೆ. ಮೇಜಿನ ಮೇಲೆ ಒಂದು ಹಾಳೆ, ಹಾಳೆಯ ಮೇಲೆ ಎರಡು ಗೆರೆ.

“ನೋಡು. ಹತ್ತು ಪಂಜರ, ಪಂಜರಕ್ಕೆ ಎರಡು ಇಲಿ. ಒಂದನೇ ನಂಬರಿಗೆ ಹೊಸ ಮದ್ದು, ಎರಡನೇದಕ್ಕೆ ಬರೀ ಉಪ್ಪುನೀರು. ಹದಿನೈದನೇ ದಿನದವರೆಗೆ ಮಾಮ ಅಳೆದಿದ್ದು. ಮದ್ದಿನ ಗೆರೆ ಇಳೀತಾ ಇದೆ, ಉಪ್ಪುನೀರಿನ ಗೆರೆ ಏರ್ತಾ ಇದೆ. ಹದಿನೆಂಟನೇ ದಿನ ನೀನು ಅಳೆದೆ.”

ಹದಿನೆಂಟನೇ ದಿನ ಎರಡು ಗೆರೆಗಳೂ ಕತ್ತರಿಯ ಹಾಗೆ ಒಂದನ್ನೊಂದು ದಾಟಿದ್ದವು. ಇಳಿಯುತ್ತಿದ್ದದ್ದು ಮೇಲೆ, ಏರುತ್ತಿದ್ದದ್ದು ಕೆಳಗೆ. ಇಪ್ಪತ್ತೊಂದಕ್ಕೂ ಹಾಗೇ, ಇಪ್ಪತ್ತನಾಲ್ಕಕ್ಕೂ ಹಾಗೇ.

“ಮೂರು ದಿನದಲ್ಲಿ ಹತ್ತಕ್ಕೆ ಹತ್ತು ಪಂಜರದಲ್ಲೂ ಹೀಗಾಗಲ್ಲ. ನಂಬರ್ ಅದಲುಬದಲಾಗಿದೆ. ಅವರ ಕೈಲೋ, ನಿನ್ನ ಕೈಲೋ.”

ಘಟಕದಲ್ಲಿ ಒಂದು ಪದ್ಧತಿಯಿತ್ತು: ಒಂದು ಪಂಜರ, ಒಂದು ಕೈ. ಶುರು ಮಾಡಿದವರೇ ಮುಗಿಸಬೇಕು. ಗಡ್ಡೆಯ ಅಗಲ ಅಳೆಯುವ ಕ್ಯಾಲಿಪರನ್ನು ಒಬ್ಬರು ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ತೇಲಿಸಿ ಹಿಡಿಯುತ್ತಾರೆ; ಅಳತೆ ಬೇರೆಯಾಗುತ್ತದೆ. ಹಾಗಾಗಿ ಮೂರು ವರ್ಷದಲ್ಲಿ ಮಾಮನ ಪಂಜರವನ್ನು ಹೊಸಬಿ ಮುಟ್ಟಿರಲಿಲ್ಲ, ಅವಳದನ್ನು ಮಾಮ ಮುಟ್ಟಿರಲಿಲ್ಲ. ಹದಿನೈದನೇ ದಿನ ಅಳತೆ ಮುಗಿಸಿ, ಪುಸ್ತಕದಲ್ಲಿ ಬರೆದು, ಪೆನ್ನಿನ ಮುಚ್ಚಳ ಹಾಕಿ, ಕಾರಿಡಾರಿನಲ್ಲಿ ಮಾಮ ಕುಸಿದುಬಿದ್ದಿದ್ದರಿಂದ ಪದ್ಧತಿ ಮುರಿಯಿತು.

“ಕಿವಿಯ ಕಚ್ಚು ನೋಡಿಯೇ ಓದಿದೀನಿ ಮೇಡಂ. ಬಲಗಿವಿ ಒಂದು, ಎಡಗಿವಿ ಎರಡು. ಗೋಡೆ ಮೇಲಿನ ಚಾರ್ಟ್ ಪ್ರಕಾರ, ಪ್ರತಿ ಸಲ.” ಪಂಜರ ಶುರು ಮಾಡಿದವರು ಇಲಿಯ ಕಿವಿಯಂಚಿನಲ್ಲಿ ಕತ್ತರಿಸಿ ಹಾಕಿದ ಗುರುತೇ ಅದರ ನಂಬರು.

“ಗೊತ್ತು, ನೀನು ಚಾರ್ಟ್ ನೋಡ್ತೀಯ. ಅವರು ಚಾರ್ಟಿನ ಕಡೆ ತಲೆ ಎತ್ತಿದ್ದನ್ನ ನಾನೊಂದು ದಿನ ಕಂಡಿಲ್ಲ. ಮೊದಲ ದಿನ, ಮದ್ದು ಚುಚ್ಚಿದ ಆ ಒಂದೇ ಸಲವೂ ಅವರು ಇಲಿ ಹಿಡಿದು ಒಂದು, ಎರಡು ಅಂತ ಕೂಗಿದ್ರು, ನಾನು ಚುಚ್ಚಿದೆ. ಕಿವಿ ನೋಡ್ಲಿಲ್ಲ.” ಡಾಕ್ಟರಮ್ಮ ಹಾಳೆಯನ್ನು ತಿರುಗಿಸಿಟ್ಟರು. “ಕಣ್ಣು ಮಂಜಾಗಿತ್ತೋ ಏನೋ. ಮೈ ಹುಷಾರಿಲ್ದೆ ಒಂದು ಹೋಗಿ ಇನ್ನೊಂದು ಓದಿದ್ರೋ ಏನೋ. ಯಾವ ಇಲಿಗೆ ಮದ್ದು ಹೋಯ್ತು ಅಂತಲೇ ಗೊತ್ತಿಲ್ಲದ ಮೇಲೆ ಈ ಅಧ್ಯಯನ ಇಟ್ಕೊಂಡು ಏನು ಮಾಡ್ಲಿ? ಮುಚ್ಚಬೇಕು.”

“ಮಾಮ ಸರಿಯಾಗೇ ಓದಿದ್ರೆ?”

“ಓದಿದ್ರೆ ಮದ್ದು ಕೆಲಸ ಮಾಡ್ತಿದೆ.” ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ನನಗೆ ಬೇಕಿರೋದೂ ಅದೇ. ಆರು ವರ್ಷದಿಂದ ಕಾಯ್ತಿರೋದು. ಅದಕ್ಕೇ ನಂಬೋಕೆ ಭಯ. ನನಗೆ ಬೇಕಾದ್ದನ್ನ ನಂಬೋದಾದ್ರೆ ಅಳೆಯೋರು ಯಾಕೆ ಬೇಕು?”

ಮಾಮನನ್ನೇ ಕೇಳೋಣವೆಂದರೆ ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಇವತ್ತು ಬೆಳಗ್ಗೆ ಆರೂ ಕಾಲಿಗೆ ಹೋಗಿಬಿಟ್ಟರು. ಡಾಕ್ಟರಮ್ಮ ಒಂದು ಟಿಪ್ಪಣಿ ತಯಾರಿಸಿದ್ದರು: ಅಳತೆಗಾರರ ಅನಾರೋಗ್ಯದಿಂದ ನಂಬರುಗಳನ್ನು ತಪ್ಪಾಗಿ ಓದಿರುವ ಸಂಭವ, ಅಧ್ಯಯನ ರದ್ದು. ಎರಡನೇ ಅಳತೆಗಾರಳಾಗಿ ಹೊಸಬಿ ರುಜು ಹಾಕಬೇಕು. ಇವತ್ತು ಸಂಜೆ ನಾಲ್ಕಕ್ಕೆ ಇಪ್ಪತ್ತು ಇಲಿಗಳನ್ನೂ ನೋವಾಗದ ಹಾಗೆ ಮಲಗಿಸಿಬಿಡುವುದು.

*

“ಅಮ್ಮ ಬಿಳಿ ಹೊದಿಕೆ ಕೇಳ್ತಿದ್ದಾರೆ. ಬೀರು ಮೇಲಿದೆಯಂತೆ. ನಿಮಗೆ ಎಟುಕುತ್ತಾ?” ಎಂದಳು ಮಾಮನ ಮಗಳು.

ಹೊಸಬಿ ಒಳಕೋಣೆಗೆ ಹೋಗಿ ಕುರ್ಚಿಯ ಮೇಲೆ ಹತ್ತಿದಳು. ಹೊದಿಕೆ ಎಳೆದಾಗ ಅದರೊಂದಿಗೆ ಒಂದು ರಟ್ಟಿನ ಡಬ್ಬಿ ಜಾರಿ, ಮುಚ್ಚಳ ಬಿಚ್ಚಿ, ಎರಡು ಬಟ್ಟೆಯ ಮೊಲಗಳು ನೆಲಕ್ಕೆ ಬಿದ್ದವು. ಹಳದಿಗಟ್ಟಿದ ಬಿಳಿ ಬಟ್ಟೆ, ಉದ್ದ ಕಿವಿ, ಗುಂಡಿಯ ಕಣ್ಣು. ಎರಡೂ ಒಂದೇ ಅಚ್ಚು.

“ಅಯ್ಯೋ, ಇವಿನ್ನೂ ಇವೆಯಾ!” ಮಗಳು ನೆಲದ ಮೇಲೇ ಕೂತುಬಿಟ್ಟಳು. ಬೆಳಗ್ಗಿನಿಂದ ಬಿಗಿಯಾಗಿದ್ದ ಮುಖ ಸಡಿಲವಾಯಿತು. “ಕೆಳಗಿನ ಟೈಲರ್ ಮಾವ ಹೊಲಿದುಕೊಟ್ಟಿದ್ದು. ಪರದೆ ಬಟ್ಟೆ ಉಳಿದಿತ್ತಂತೆ. ನಂಗೊಂದು, ತಮ್ಮಂಗೊಂದು.”

ಹೊಸಬಿ ಒಂದನ್ನು ಎತ್ತಿಕೊಂಡಳು. ಕಿವಿಯ ಅಂಚಿನಲ್ಲಿ ಒಂದು ಕಚ್ಚು, ಅರ್ಧಚಂದ್ರದಷ್ಟು. ಬಟ್ಟೆ ಎಳೆ ಬಿಡದ ಹಾಗೆ ಕಚ್ಚಿನ ಸುತ್ತ ನೀಲಿ ದಾರ.

“ಇದು?” ಎಂದಳು.

“ಅದಾ? ಅದೊಂದು ದೊಡ್ಡ ಕತೆ.”

*

ಮಗಳಿಗೆ ಆಗ ಏಳು, ಮಗನಿಗೆ ಐದು. ಇದು ನಂದು, ಅದು ನಿಂದು ಎಂದು ದಿನಾ ಬೆಳಗ್ಗೆ ರಂಪ. ಒಂದು ಭಾನುವಾರ ಅಪ್ಪ ಘಟಕದಿಂದ ಕಿವಿ ಕಚ್ಚು ಹಾಕುವ ಪುಟ್ಟ ಇಕ್ಕಳ ತಂದರು. ಅಕ್ಕನ ಮೊಲಕ್ಕೆ ಬಲಗಿವಿಯಲ್ಲಿ ಟಕ್. ತಮ್ಮನದಕ್ಕೆ ಎಡಗಿವಿಯಲ್ಲಿ ಟಕ್. “ನೀನು ಒಂದು, ಅವನು ಎರಡು. ಇನ್ನು ಜಗಳ ಇಲ್ಲ,” ಎಂದರು.

ಮಾರನೇ ದಿನ ಜಗಳ ಎರಡರಷ್ಟಾಯಿತು. ತಮ್ಮ ತನ್ನದೆಂದು ಅಕ್ಕನ ಮೊಲವನ್ನೇ ಎತ್ತಿಕೊಂಡು, ಮುಖಕ್ಕೆ ಮುಖ ಹಿಡಿದು, “ನೋಡು, ಎಡಗಡೆ ಇದೆ! ನಂದೇ!” ಎಂದು ಕಿರುಚುತ್ತಿದ್ದ. ಅವನ ಎಡಗಡೆಯೇ ಇತ್ತು, ಅವನು ಹೇಳಿದ್ದು ಸುಳ್ಳಲ್ಲ. ಅಕ್ಕ ಅವನ ಕೂದಲು ಹಿಡಿದಿದ್ದಳು.

ಅಪ್ಪ ಯಾರನ್ನೂ ಬೈಯಲಿಲ್ಲ. ಹುಡುಗನ ಕೈಯಲ್ಲಿದ್ದ ಮೊಲವನ್ನು ಮೆಲ್ಲಗೆ ತಿರುಗಿಸಿದರು. ಈಗ ಅದರ ಬೆನ್ನು ಹುಡುಗನ ಕಡೆ, ಮುಖ ಗೋಡೆಯ ಕಡೆ.

“ನಿನ್ನ ಎಡ ಬಲ ಬಿಡು ಮಗಾ. ಕಿವಿ ಯಾರದ್ದು?”

“ಮೊಲದ್ದು.”

“ಹಾಗಾದ್ರೆ ಎಡ ಬಲನೂ ಅದರದ್ದೇ. ಅದರ ಬೆನ್ನ ಹಿಂದೆ ನಿಂತ್ಕೊಂಡು ನೋಡು. ಅದು ನೋಡ್ತಿರೋ ಕಡೆಗೇ ನೀನೂ ನೋಡು.”

ಹುಡುಗ ನೋಡಿದ. ಕಚ್ಚು ಬಲಕ್ಕೆ ಬಂದಿತ್ತು. ಸೋತ ಸಿಟ್ಟಿಗೆ ಜೋರಾಗಿ ಅತ್ತ. ಅಪ್ಪ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಅಳು ನಿಲ್ಲುವವರೆಗೆ ಹಜಾರದಲ್ಲಿ ಓಡಾಡಿದರು.

*

“ಕೊನೆಗೆ ಕಚ್ಚಿನ ಸುತ್ತ ದಾರ ಹಾಕಿದ್ದೂ ಟೈಲರ್ ಮಾವನೇ,” ಎಂದು ಮಗಳು ನಗಹೋಗಿ ಅತ್ತುಬಿಟ್ಟಳು. ಹೊದಿಕೆಯನ್ನು ಎದೆಗವಚಿಕೊಂಡು ಹೊರಗೆ ಹೋದಳು.

ಹೊಸಬಿ ಕೋಣೆಯಲ್ಲಿ ಒಬ್ಬಳೇ ಉಳಿದಳು. ಮೊಲವನ್ನು ಇಲಿಯ ಹಾಗೆ ಹಿಡಿದಳು: ಎಡಗೈಯ ಹೆಬ್ಬೆರಳು ತೋರುಬೆರಳಿನಲ್ಲಿ ಕುತ್ತಿಗೆಯ ಬಟ್ಟೆ, ಕಿರುಬೆರಳಿನಲ್ಲಿ ಬಾಲ. ಹೊಟ್ಟೆ ಮೇಲೆ, ಮುಖ ತನ್ನ ಕಡೆ. ಗಡ್ಡೆ ಅಳೆಯುವುದು ಹಾಗೇ. ಅಳೆಯುವಾಗಲೇ ಕಿವಿ ಓದಿಬಿಡುವುದು ಅವಳ ರೂಢಿ, ಸಮಯ ಉಳಿಯುತ್ತದೆ. ಓದಿದಳು. ಕಚ್ಚು ಅವಳ ಎಡಗಡೆಗಿತ್ತು. ಎರಡು.

ಅಕ್ಕನ ಮೊಲ ಅದು. ಒಂದು.

ಮತ್ತೊಮ್ಮೆ ನೋಡಿದಳು, ತಿರುಗಿಸಿ ನೋಡಿದಳು. ಹತ್ತು ಪಂಜರ, ಮೂರು ಸಲ. ಮೂರು ವರ್ಷದಿಂದ ಇದೇ ರೂಢಿ. ಅವಳ ಸ್ವಂತ ಪಂಜರಗಳಲ್ಲಿ ಕಚ್ಚು ಹಾಕಿದ್ದೂ ಅವಳೇ, ಓದಿದ್ದೂ ಅವಳೇ, ಅದೂ ತಲೆಕೆಳಗು, ಇದೂ ತಲೆಕೆಳಗು. ತಪ್ಪು ತಪ್ಪಿಗೆ ಸೇರಿ ಸರಿಹೋಗಿತ್ತು. ಇನ್ನೊಬ್ಬರ ಕಚ್ಚು ಓದಬೇಕಾಗಿ ಬಂದದ್ದು ಇದೇ ಮೊದಲು.

ಹಾಗಾದರೆ ಚಾರ್ಟು? ಎರಡೂವರೆ ವರ್ಷದ ಹಿಂದೆ ಕಚೇರಿಯವರು ಅದನ್ನು ಗೋಡೆಗೆ ಹೊಡೆದ ದಿನ ಅವಳಿಗೆ ನೆನಪಾಯಿತು. ಒಂದು ದುಂಡು, ದುಂಡಿನ ಮೇಲೆ ಎರಡು ಕಿವಿ. ಬಲಗಡೆಯದಕ್ಕೆ ಒಂದು, ಎಡಗಡೆಯದಕ್ಕೆ ಎರಡು. ಕಣ್ಣಿಲ್ಲ, ಬಾಯಿಲ್ಲ. ಮಾಮ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡುತ್ತ ನಿಂತಿದ್ದರು.

“ಇದಕ್ಕೊಂದು ಮೂಗು ಬರೀಬೇಕಿತ್ತು. ಇಲ್ಲಾಂದ್ರೆ ಬಾಲ,” ಎಂದಿದ್ದರು.

“ಯಾಕೆ ಮಾಮ, ಚೆಂದಕ್ಕಾ?”

“ಬರ್ತಿದೆಯೋ ಹೋಗ್ತಿದೆಯೋ ಹೇಗಮ್ಮ ಗೊತ್ತಾಗೋದು?”

ಎಲ್ಲರೂ ನಕ್ಕಿದ್ದರು. ಹೊಸಬಿಯೂ ನಕ್ಕಿದ್ದಳು. ಮಾಮ ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳುವ ಪೈಕಿ ಅಲ್ಲ. ಕೈ ಉಜ್ಜಿಕೊಂಡು ಒಳಗೆ ಹೋದರು. ಮತ್ತೆಂದೂ ಚಾರ್ಟಿನ ಕಡೆ ತಲೆ ಎತ್ತಲಿಲ್ಲ.

ಅವಳು ಮೊಲಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಇದನ್ನು ಓದಬಲ್ಲವರು ಈ ಮನೆಯಲ್ಲಿ ತಾನೊಬ್ಬಳೇ. ಉಳಿದವರಿಗೆ ಇದು ಹರಕು ಗೊಂಬೆ. ಬೀರುವಿನ ಮೇಲಿಟ್ಟುಬಿಟ್ಟರೆ ಇನ್ನು ಇಪ್ಪತ್ತು ವರ್ಷ ಅಲ್ಲೇ ಇರುತ್ತದೆ. ಟಿಪ್ಪಣಿಗೆ ರುಜು ಹಾಕಿದರೆ ಕರಾರು ಮುಂದುವರಿಯುತ್ತದೆ. ತನ್ನ ಮನೆಯಲ್ಲಿ ಮಂಡಿ ಹಿಡಿದುಕೊಂಡಿರುವ ತಾಯಿಗೆ ತನ್ನ ದುಡಿಮೆ ಬಿಟ್ಟು ಇನ್ನೇನೂ ಇಲ್ಲ. ಮಾಮನಿಗೆ ಇನ್ನು ಯಾವ ಕರಾರು? ಹೀಗೆಲ್ಲ ಯೋಚಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಯೋಚಿಸಿದಳು. ಡಬ್ಬಿಯನ್ನು ಬೀರುವಿನ ಮೇಲೆ ಎತ್ತಿಟ್ಟು ಕುರ್ಚಿಯಿಂದ ಇಳಿದಳು.

*

ಡಾಕ್ಟರಮ್ಮ ಹನ್ನೊಂದೂವರೆಗೆ ಬಂದರು. ಮಾಮನ ಕಾಲ ಬಳಿ ಐದು ನಿಮಿಷ ನಿಂತರು, ಹೆಂಡತಿಯ ಎರಡೂ ಕೈ ಹಿಡಿದುಕೊಂಡರು.

“ಇವರು ಏನು ಕೆಲಸ ಮಾಡ್ತಿದ್ರು ಅಂತ ನೀವಾದ್ರೂ ಹೇಳಿ ಡಾಕ್ಟರಮ್ಮ. ಚೆನ್ನಾಗಿ ಮಾಡ್ತಿದ್ರಾ?” ಎಂದು ಕೇಳಿದರು ಹೆಂಡತಿ.

ಡಾಕ್ಟರಮ್ಮ ಒಂದು ಕ್ಷಣ ತಡೆದರು. “ತುಂಬಾ ಚೆನ್ನಾಗಿ ಮಾಡ್ತಿದ್ರು,” ಎಂದರು. ಆ ಒಂದು ಕ್ಷಣದ ತಡೆ ಹೊಸಬಿಯ ಕಣ್ಣಿಗೆ ಬಿತ್ತು. ಹೆಂಡತಿಗೂ ಕಂಡಿತೋ ಏನೋ, ಅವರು ಕೈ ಬಿಡಿಸಿಕೊಂಡು ಸೆರಗಿನಿಂದ ಮೂಗು ಒರೆಸಿಕೊಂಡರು.

ಕೆಳಗೆ ವಾಹನ ಬಂದು ನಿಂತಿತು. ಮಗ ಬಂದು ತಲೆಯ ಕಡೆ ಹಿಡಿದ, ಅವನ ಪಕ್ಕ ಟೈಲರ್. ಪಂಜರ ತೊಳೆಯುವವನು ಕಾಲಿನ ಕಡೆ, ಈ ಸಲ ಹಿಮ್ಮುಖವಾಗಿ ಇಳಿಯುವ ಸರದಿ ಅವನದು. ಹೆಂಡತಿ ಬಾಗಿಲವರೆಗೆ ಬಂದು ನಿಂತರು. ಒಂದು ಮಹಡಿ ಇಳಿಸಿದ್ದಾಯಿತು. ಅದೇ ತಿರುವು, ಅದೇ ಗೋಡೆ.

“ಬಲಕ್ಕೆ ತಗೊಳ್ಳಿ!”

“ನನ್ನ ಬಲಕ್ಕಾ?”

“ಅಲ್ಲ, ನನ್ನ... ಅಯ್ಯೋ, ನಿಲ್ಲಿ, ನಿಲ್ಲಿ!”

ಸ್ಟ್ರೆಚರ್ ಓಲಾಡಿತು. ಬಟ್ಟೆಯೊಳಗಿನ ಭುಜ ಗೋಡೆಗೆ ತಾಗುವುದರಲ್ಲಿತ್ತು. ಹಿಂದಿದ್ದ ಹೊಸಬಿಯ ಬಾಯಿಂದ ಅವಳಿಗೇ ಗೊತ್ತಿಲ್ಲದೆ ಮಾತು ಹೊರಬಿತ್ತು.

“ಮಾಮನ ಬಲಕ್ಕೆ! ನಿಮ್ಮದೆಲ್ಲ ಬಿಡಿ. ಮಾಮನ ಬಲಕ್ಕೆ!”

ಮೂವರೂ ಒಂದು ಸಲ ಬಿಳಿ ಬಟ್ಟೆಯ ಕಡೆ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ, ಒಂದೇ ಕಡೆಗೆ ತಿರುಗಿದರು. ಸ್ಟ್ರೆಚರ್ ಎಲ್ಲೂ ತಾಗದೆ ತಿರುವು ದಾಟಿತು. “ಇದನ್ನ ಬೆಳಗ್ಗೇನೇ ಹೇಳಬಾರದಿತ್ತಾ!” ಎಂದು ಟೈಲರ್ ಗೊಣಗಿದ್ದು ಕೆಳಗಿನಿಂದ ಕೇಳಿಸಿತು.

ಹೊಸಬಿ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಆಮೇಲೆ ತಿರುಗಿ ಎರಡೆರಡು ಮೆಟ್ಟಿಲು ಹತ್ತಿ ಮನೆಗೆ ಹೋದಳು, ಒಳಕೋಣೆಯ ಕುರ್ಚಿ ಹತ್ತಿದಳು.

ಅವಳು ಕೆಳಗೆ ಬರುವ ಹೊತ್ತಿಗೆ ವಾಹನದ ಬಾಗಿಲು ಇನ್ನೂ ತೆರೆದಿತ್ತು. ಡಾಕ್ಟರಮ್ಮ ಫುಟ್‌ಪಾತಿನ ಮೇಲೆ ಕೈಚೀಲದಿಂದ ಟಿಪ್ಪಣಿಯನ್ನು ಹೊರತೆಗೆಯುತ್ತಿದ್ದರು.

“ಇಲ್ಲಿ ಕೇಳ್ತಿರೋದಕ್ಕೆ ಬೇಜಾರು ಮಾಡ್ಕೋಬೇಡ. ನಾಲ್ಕು ಗಂಟೆ ಒಳಗೆ...”

“ರುಜು ಆಮೇಲೆ ಮೇಡಂ. ಮೊದಲು ಇದನ್ನ ಹಿಡ್ಕೊಳ್ಳಿ.” ಹೊಸಬಿ ಮೊಲವನ್ನು ಅವರ ಕೈಗಿಟ್ಟಳು. “ಇದು ಎಷ್ಟನೇ ನಂಬರು?”

ಡಾಕ್ಟರಮ್ಮ ಅವಳ ಮುಖ ನೋಡಿದರು, ಹುಚ್ಚು ಹಿಡಿಯಿತೇ ಎಂಬಂತೆ. ಆಮೇಲೆ ಮೊಲದ ಕಿವಿಯ ನೀಲಿ ದಾರ ನೋಡಿದರು. ಮುಖಕ್ಕೆ ಮುಖ ಹಿಡಿದರು. “ಎರಡು,” ಎಂದರು. ಹುಬ್ಬು ಗಂಟಿಕ್ಕಿತು. ಮೆಲ್ಲಗೆ ತಿರುಗಿಸಿದರು.

ವಾಹನದ ಪಕ್ಕ ನಿಂತಿದ್ದ ಮಗಳು ತಿರುಗಿ ನೋಡಿದಳು. “ಅದು ನಂದು. ಒಂದು.”

“ಯಾರು ಹಾಕಿದ್ದಮ್ಮ ಈ ಕಚ್ಚು?”

“ಅಪ್ಪ. ನಂಗೆ ಏಳು ವರ್ಷ ಇದ್ದಾಗ.”

“ಮಾಮ ಯಾವತ್ತೂ ಬೆನ್ನ ಹಿಂದಿನಿಂದ ಓದ್ತಿದ್ರು ಮೇಡಂ,” ಎಂದಳು ಹೊಸಬಿ. “ನಾನು ಮುಖದ ಕಡೆಯಿಂದ ಓದಿದೆ. ಹದಿನೆಂಟು, ಇಪ್ಪತ್ತೊಂದು, ಇಪ್ಪತ್ತನಾಲ್ಕು, ಮೂರೂ ದಿನ. ಅದಲುಬದಲು ಮಾಡಿದ್ದು ನಾನು. ಗೊಂಬೆ ಸಾಕ್ಷಿ ಸಾಲದು ಅಂದ್ರೆ, ಮರಿ ಹಾಕಿಸೋ ಪಂಜರಗಳಿವೆ. ಮಾಮನೇ ಕಚ್ಚು ಹಾಕಿದ್ದು. ಒಂದನೇ ನಂಬರು ಗಂಡು, ಎರಡನೇದು ಹೆಣ್ಣು ಅಂತ ಕಾರ್ಡಲ್ಲಿ ಬರೆದಿದಾರೆ. ಗಂಡನ್ನ ಎತ್ತಿ ಕಿವಿ ನೋಡಿದ್ರೆ ಗೊತ್ತಾಗುತ್ತೆ.”

ಡಾಕ್ಟರಮ್ಮನ ಮುಖದಲ್ಲಿ ಏನೋ ಬೆಳಗಿತು. ಆರು ವರ್ಷ ಕಾದವರ ಸಂತೋಷ ಅದು, ತಡೆಯಲಾಗದ್ದು. ಮರುಕ್ಷಣ ಅವರ ಕಣ್ಣು ವಾಹನದೊಳಗಿನ ಬಿಳಿ ಬಟ್ಟೆಯ ಮೇಲೆ ಬಿತ್ತು. ಆ ಸಂತೋಷವನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ತಲೆ ತಗ್ಗಿಸಿದರು.

“ನಿನ್ನ ಕರಾರು ಈ ತಿಂಗಳಿಗೆ ಅಲ್ವಾ?” ಎಂದರು.

“ಹೌದು.”

“ಇದನ್ನ ನಾನು ಬರೀಲೇಬೇಕಾಗುತ್ತೆ. ನಿನ್ನ ಇನ್ನುಳಿದ ಪಂಜರಗಳನ್ನೂ ಮತ್ತೆ ಪರೀಕ್ಷೆ ಮಾಡಿಸಬೇಕಾಗುತ್ತೆ.”

“ಬರೀರಿ ಮೇಡಂ.”

ಡಾಕ್ಟರಮ್ಮ ಟಿಪ್ಪಣಿಯನ್ನು ನಾಲ್ಕಾಗಿ ಮಡಿಸಿದರು. ಆಮೇಲೆ ಮೊಲವನ್ನು ಮಗಳಿಗೆ ಕೊಟ್ಟು, ಮೂರನೇ ಮಹಡಿಯ ಕಡೆ ತಲೆ ಎತ್ತಿದರು. ಮಾಮನ ಹೆಂಡತಿ ಕಿಟಕಿಯಲ್ಲಿ ನಿಂತಿದ್ದರು.

“ಅಮ್ಮಾ!” ಎಂದು ಕೂಗಿದರು. ಅಷ್ಟು ಗಟ್ಟಿ ದನಿ ಅವರಿಗಿದೆಯೆಂದು ಹೊಸಬಿಗೆ ಗೊತ್ತಿರಲಿಲ್ಲ. “ಅವರದ್ದು ಒಂದೂ ತಪ್ಪಿಲ್ಲ! ಕೊನೇ ದಿನದವರೆಗೂ!”

ಹೆಂಡತಿಗೆ ಏನು ತಿಳಿಯಿತೋ, ತಲೆಯಾಡಿಸಿದರು. ವಾಹನದ ಬಾಗಿಲು ಮುಚ್ಚಿತು.

*

ಮೂರು ಗಂಟೆಗೆ ಹೊಸಬಿ ಘಟಕದಲ್ಲಿದ್ದಳು. ಮೈ ತೊಳೆದು, ಒಳಗಿನ ಬಟ್ಟೆ ಹಾಕಿಕೊಂಡು, ಟೋಪಿ ಕಟ್ಟಿದ್ದಳು. ಡಾಕ್ಟರಮ್ಮ ಬಾಗಿಲ ಬಳಿ ನಿಂತಿದ್ದರು. ಮರಿ ಹಾಕಿಸುವ ಪಂಜರದ ಕಾರ್ಡಿನ ಮೇಲೆ ಮಾಮನ ಗುಂಡು ಅಕ್ಷರವಿತ್ತು. ಹೊಸಬಿ ಗಂಡಿಲಿಯನ್ನು ಅಂಗೈ ಮೇಲೆ ಬಿಟ್ಟುಕೊಂಡು, ಬೆನ್ನು ತನ್ನ ಕಡೆ ಬರುವಂತೆ ಹಿಡಿದಳು.

“ಬಲ,” ಎಂದಳು.

“ಬಲ,” ಎಂದರು ಡಾಕ್ಟರಮ್ಮ. ಇನ್ನೂ ನಾಲ್ಕು ಪಂಜರ ನೋಡಿದರು. ನಾಲ್ಕರಲ್ಲೂ ಹಾಗೇ. “ಇವತ್ತು ಇಪ್ಪತ್ತೇಳನೇ ದಿನ. ನೀನೇ ಅಳೆದು ಹೋಗು. ಕೈ ಮತ್ತೆ ಬದಲಾಗೋದು ಬೇಡ,” ಎಂದು ಹೊರಟುಹೋದರು. ಅವರು ಬರೆಯಬೇಕಾದದ್ದು ಬಹಳವಿತ್ತು.

ಹೊಸಬಿ ಹತ್ತೂ ಪಂಜರ ಅಳೆದಳು. ಪ್ರತಿ ಸಲ ಕೈ ಉಜ್ಜಿಕೊಂಡು, ಮೊದಲು ಬೆನ್ನ ಹಿಂದಿನಿಂದ ಕಿವಿ ಓದಿ, ನಂಬರನ್ನು ಗಟ್ಟಿಯಾಗಿ ಕೂಗಿ, ಆಮೇಲೆ ಗಡ್ಡೆಗೆ ಕ್ಯಾಲಿಪರ್ ಇಟ್ಟಳು. ಕೇಳಿಸಿಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಒಂದನೇ ನಂಬರಿನ ಇಲಿಗಳಲ್ಲಿ ಮೂರರ ಮೈಮೇಲೆ ಗಡ್ಡೆ ಎಲ್ಲಿತ್ತೆಂದು ಬೆರಳಿಗೆ ಸಿಗಲೇ ಇಲ್ಲ. ಅಲ್ಲಿ ಸೊನ್ನೆ ಬರೆದಳು. ಪೆನ್ನಿನ ಮುಚ್ಚಳ ಹಾಕಿದಳು.

ಹೊರಡುವ ಮುನ್ನ ಚಾರ್ಟಿನ ಎದುರು ನಿಂತಳು. ಒಂದು ದುಂಡು, ಎರಡು ಕಿವಿ. ಪಂಜರದ ಕಾರ್ಡು ಬರೆಯುವ ಕಪ್ಪು ಮಾರ್ಕರ್ ತೆಗೆದು, ದುಂಡಿನ ಕೆಳಗೆ ಒಂದು ಬೆನ್ನು ಬರೆದಳು, ಬೆನ್ನಿನ ತುದಿಯಿಂದ ಹಾಳೆಯ ಅಂಚಿನವರೆಗೆ ಉದ್ದಕ್ಕೆ ಒಂದು ಬಾಲ. ದೀಪ ಆರಿಸುವಾಗ ಮತ್ತೊಮ್ಮೆ ನೋಡಿದಳು. ಇಲಿ ಅವಳಿಗೆ ಬೆನ್ನು ತೋರಿಸಿಕೊಂಡು, ತನ್ನ ಪಾಡಿಗೆ ತಾನು, ಗೋಡೆಯೊಳಗೆ ನಡೆದುಹೋಗುತ್ತಿತ್ತು.